ಅಂಕಿತಾ ಎಳೆದು ತಂದ ಹತ್ತು ವರ್ಷ

ಮೀನು ಮಾರುವ ಹೆಂಗಸರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ರಮಾನಂದ ಸರ್ ಮೇಜಿನ ಕೆಳಗಿನಿಂದ ಡಬ್ಬಿ ತೆಗೆದು ಕೋಣೆಯ ನಾಲ್ಕೂ ಮೂಲೆಗೆ ಮಲ್ಲಿಗೆಯ ವಾಸನೆ ಸಿಂಪಡಿಸುತ್ತಿದ್ದರು. ಹೆಂಗಸರು ಒಳಗೆ ಬಂದಾಗ ಅದೇ ಕೈಯಿಂದ ಕುರ್ಚಿ ಎಳೆದು, "ಕೂತ್ಕಳಿ ಅಕ್ಕಾ, ನಿಮ್ಮದೇ ಆಫೀಸು" ಎನ್ನುತ್ತಿದ್ದರು. ಅವರು ಹೋದ ಮೇಲೆ ಮತ್ತೊಮ್ಮೆ ಡಬ್ಬಿ.

ಕುಮಟಾ ಪೇಟೆಯ ಆ ಮೊದಲ ಮಹಡಿಯಲ್ಲಿ ಅಂಕಿತಾ ಹರಿಕಂತ್ರ ಎರಡು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಮೊದಲ ದಿನ ಇದನ್ನು ನೋಡಿದಳು. ಮರುದಿನದಿಂದ ಊಟದ ಡಬ್ಬಿಯಲ್ಲಿ ಮೀನು ತರುವುದನ್ನು ನಿಲ್ಲಿಸಿದಳು. ತಿಂಗಳು ಕಳೆದ ಮೇಲೆ ಮತ್ತೆ ತರತೊಡಗಿದಳು, ಅದೂ ಒಣಸಿಗಡಿಯ ಚಟ್ನಿಯನ್ನೇ. ಸರ್ ಮೇಜಿನ ಕೆಳಗೆ ಬಗ್ಗಿದಾಗ, "ಉಂಡು ಮುಗಿಸ್ತೆ ಸರ್, ಆಮೇಲೆ ಹೊಡೀರಿ. ಅನ್ನಕ್ಕೆ ಬೀಳ್ತದೆ" ಎಂದಳು. ಅವರು ನಕ್ಕರು. ಅಂಕಿತಾ ಕೆಲಸದಲ್ಲಿ ಚುರುಕಾಗಿದ್ದಳು, ಹಾಗಾಗಿ ನಗಲೇಬೇಕಿತ್ತು.

ಅವಳ ಮನೆ ಹೊನ್ನಾವರದ ಕಾಸರಕೋಡಿನಲ್ಲಿ. ಅಪ್ಪ ಮಂಜ ಬೇರೆಯವರ ದೋಣಿಯಲ್ಲಿ ತಾಂಡೇಲ, ಎಂದರೆ ದೋಣಿ ನಡೆಸುವ ಹಿರಿಯ. ಮೀನು ಮಾರಿದ ದಿನ ದೋಣಿಯವರೆಲ್ಲ ಅವರ ಮನೆಯ ಜಗುಲಿಗೆ ಬರುತ್ತಿದ್ದರು. ಬಂದ ಹಣದಲ್ಲಿ ಡೀಸೆಲ್ಲಿನದು, ಐಸಿನದು, ಅಕ್ಕಿ-ಚಾಪುಡಿಯದು ಮೊದಲು ತೆಗೆಯುವುದು. ಆಮೇಲೆ ಬಲೆಗೆ, ಎಂಜಿನ್ನಿಗೆ ಎಂದು ಇಷ್ಟು ಇಡುವುದು. ಉಳಿದದ್ದು ಪಾಲು. ಏಳನೇ ತರಗತಿಯಿಂದ ಅದನ್ನು ಬರೆದವಳು ಅಂಕಿತಾ. ಬಿ.ಕಾಂ. ಎರಡನೇ ವರ್ಷದಲ್ಲಿ ಮೇಷ್ಟ್ರು 'ಫ್ರೀ ಕ್ಯಾಶ್ ಫ್ಲೋ' ಎಂದು ಹಲಗೆಯ ಮೇಲೆ ಬರೆದು, ವ್ಯಾಪಾರದಿಂದ ನಿಜವಾಗಿ ಕೈಗೆ ಬಂದ ಹಣದಲ್ಲಿ ಯಂತ್ರಕ್ಕೂ ಕಟ್ಟಡಕ್ಕೂ ಹಾಕಿದ್ದನ್ನು ಕಳೆದರೆ ಉಳಿಯುವುದು ಇದು ಎಂದಾಗ, ಇಡೀ ತರಗತಿ ತೂಕಡಿಸುತ್ತಿತ್ತು. ಇವಳಿಗೆ ಮಾತ್ರ ತನ್ನ ಮನೆಯ ಜಗುಲಿಯ ಲೆಕ್ಕಕ್ಕೆ ಇಷ್ಟು ದೊಡ್ಡ ಹೆಸರಿದೆಯೆಂದು ನಗು ಬಂದಿತ್ತಂತೆ.

ರಮಾನಂದ ಸರ್ ಜನರಿಗೆ ಶೇರು ಕೊಡಿಸುವವರು. ನನ್ನ ಕೆಲಸ ಅರ್ಜಿ ತುಂಬುವುದು. ಅಂಕಿತಾಳದು ಕಂಪನಿಗಳ ಅಂಕಿ ತರುವುದು. ವರ್ಷಕ್ಕಿಷ್ಟು ಎಂದು ಹಣ ಕೊಟ್ಟು ಪಡೆದ ಒಂದು ಸೌಲಭ್ಯ ಅವಳ ಕಂಪ್ಯೂಟರಿನಲ್ಲಿತ್ತು. ಸ್ಪ್ರೆಡ್‌ಶೀಟಿನ ಒಂದು ಸೆಲ್ಲಿನಲ್ಲಿ ಸಮ ಚಿಹ್ನೆ ಹಾಕಿ ಫಂಕ್ಷನ್ನಿನ ಹೆಸರು ಬರೆಯಬೇಕು. ಆವರಣದೊಳಗೆ ಕಂಪನಿಯ ಸಂಕೇತ, ಬೇಕಾದ ಬಾಬ್ತು, ವರ್ಷ. ಎಂಟರ್ ಒತ್ತಿದರೆ ಒಂದು ಕ್ಷಣ ಸೆಲ್ಲು ಉಸಿರು ಹಿಡಿದಂತೆ ಖಾಲಿ ನಿಲ್ಲುತ್ತದೆ, ಆಮೇಲೆ ಅಂಕಿ ಮೂಡುತ್ತದೆ. ಸೆಲ್ಲಿನ ಮೂಲೆಯ ಸಣ್ಣ ಚೌಕ ಹಿಡಿದು ಕೆಳಗೆ ಎಳೆದರೆ ಹತ್ತು ವರ್ಷ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಅವಳು ಎಳೆಯುವುದನ್ನು ನೋಡಲು ನನಗೆ ಇಷ್ಟ. ಮುಗಿದ ವರ್ಷಗಳು ಅಷ್ಟು ಸುಲಭವಾಗಿ ಬರುತ್ತವೆಂದು ಅಲ್ಲಿಯವರೆಗೆ ನಾನು ತಿಳಿದಿರಲಿಲ್ಲ.

ಕಳೆದ ಜನವರಿಯಲ್ಲಿ ಒಂದು ಮೀನುಹಿಟ್ಟಿನ ಕಂಪನಿಯ ಮಾತು ಬಂತು. ಅದರ ಹೆಸರು ಇಲ್ಲಿ ಬೇಡ. ಬಂದರುಗಳಿಗೆ ಲಾರಿ ಕಳಿಸಿ ಮರಿಮೀನು ಕೊಂಡು, ಬೇಯಿಸಿ, ಒಣಗಿಸಿ, ಪುಡಿ ಮಾಡಿ ಮಾರುವ ಕಂಪನಿ. ಹೆಂಗಸರು ಒಣಗಿಸಿ ಮಾರುತ್ತಿದ್ದುದೂ ಅದೇ ಮರಿಮೀನು. ಲಾರಿ ಬರತೊಡಗಿದ ಮೇಲೆ ಅವರ ಬುಟ್ಟಿಗೆ ಬೀಳುವುದು ಅರ್ಧಕ್ಕಿಳಿದಿತ್ತು. ರಮಾನಂದ ಸರ್ ಆ ಕಂಪನಿಯ ಶೇರನ್ನು ಹೆಚ್ಚಿನ ಬೆಲೆಗೆ ತಾವೇ ಕೊಂಡು ಸಿಕ್ಕಿಬಿದ್ದಿದ್ದರು. ಕೊಳ್ಳುವವರಿಲ್ಲದೆ ಅವು ಅವರ ಖಾತೆಯಲ್ಲಿ ಕೊಳೆಯುತ್ತಿದ್ದವು.

ಅಂಕಿತಾ ಎಳೆದಳು. ಲಾಭದ ಕಾಲಮ್ಮಿನಲ್ಲಿ ಹತ್ತು ವರ್ಷವೂ ಏರಿಕೆ. ಅದರ ಪಕ್ಕದ ಫ್ರೀ ಕ್ಯಾಶ್ ಫ್ಲೋ ಕಾಲಮ್ಮಿನಲ್ಲಿ ಹತ್ತರಲ್ಲಿ ಎಂಟು ಮೈನಸ್. ಮೈನಸ್ ಇದ್ದರೆ ಕೆಂಪಾಗುವ ಹಾಗೆ ಅವಳೇ ಹಾಳೆಯನ್ನು ಹೊಂದಿಸಿಟ್ಟಿದ್ದಳು. ಪರದೆ ಮೊಣಕಾಲು ತರಚಿಕೊಂಡ ಮಗುವಿನ ಹಾಗೆ ಕಂಡಿತು.

"ಸರ್, ಇದ್ರಲ್ಲಿ ಎಂತದೂ ಉಳಿಯೂದಿಲ್ಲ. ಲಾಭ ಕಾಗದದ ಮೇಲೆ ಅಷ್ಟೆ. ಮಾರಿದ ದುಡ್ಡು ಬಂದಿಲ್ಲ, ಅಷ್ಟರ ಮೇಲೆ ದರವರ್ಷ ಹೊಸ ಕಟ್ಟಡ."

"ಹಾಳೆ ಮಾಡಿಡು," ಎಂದರು ಸರ್. "ಭಾನುವಾರ ತದಡಿಗೆ ಹೋಪ."

ತದಡಿಯಲ್ಲಿ ಇಪ್ಪತ್ತೆರಡು ಹೆಂಗಸರ ಒಂದು ಸಂಘವಿತ್ತು. ಒಣಮೀನು ಮಾರಿ ಆರು ವರ್ಷದಲ್ಲಿ ಮೂರು ಲಕ್ಷ ಮೂವತ್ತು ಸಾವಿರ ಕೂಡಿಟ್ಟಿದ್ದರು. ಮೀನನ್ನು ಮರಳ ಮೇಲೆ ಹರಡಿದರೆ ನಾಯಿ, ಕಾಗೆ, ಅಕಾಲದ ಮಳೆ. ಅದಕ್ಕೊಂದು ಸಿಮೆಂಟಿನ ಕಟ್ಟೆ ಕಟ್ಟಿ ಮೇಲೆ ತಗಡಿನ ಮಾಡು ಹಾಕಿಸುವುದು ಅವರ ಆಸೆ. ಹಣ ಸಾಲದೆ ಕೆಲಸ ನಿಂತಿತ್ತು. ರಮಾನಂದ ಸರ್ ಹೇಳಿದ್ದು ಇಷ್ಟೇ: ತಲಾ ಹದಿನೈದು ಸಾವಿರ ಈ ಕಂಪನಿಯ ಶೇರಿಗೆ ಹಾಕಿ, ಎರಡು ವರ್ಷದಲ್ಲಿ ಕಟ್ಟೆಯೂ ಆಗುತ್ತದೆ, ಮಾಡೂ ಆಗುತ್ತದೆ.

ಆ ಭಾನುವಾರ ಕಾರಿನಲ್ಲಿ ನಾನೂ ಇದ್ದೆ. ಮಿರ್ಜಾನ ದಾಟುವಾಗ ಅಂಕಿತಾ ನನ್ನ ಕಿವಿಯಲ್ಲಿ ಹೇಳಿದಳು, "ನಾ ಕೆಂಪು ತೆಗೀಲಿಲ್ಲ. ಹಾಗೇ ಇಟ್ಟಿದ್ದೆ. ಕಣ್ಣಿದ್ದವ್ರು ಕೇಳೇ ಕೇಳ್ತ್ರು." ಅದು ಅವಳ ಲೆಕ್ಕಾಚಾರ. ತಾನು ಬಾಯಿ ಬಿಡಬೇಕಾಗಿಲ್ಲ, ಅಂಕಿಯೇ ಮಾತಾಡುತ್ತದೆ.

ಸಂಘದ ಅಧ್ಯಕ್ಷೆ ಹೊನ್ನಿ. ಅರವತ್ತರ ಹತ್ತಿರದ, ಎತ್ತರದ ಹೆಂಗಸು, ಎಲೆಯಡಿಕೆಯ ಕವಳದಿಂದ ತುಟಿ ಕಪ್ಪಾದವಳು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಾಳೆ ಬೆಳಗಿದಾಗ ಅವಳೇ ಮೊದಲು ಕೇಳಿದಳು.

"ಎಂತ ತಂಗಿ, ಅದು ಕೆಂಪಗೆ ಎಂತಕ್ಕೆ?"

ಅಂಕಿತಾ ಸರ್ ಮುಖ ನೋಡಿದಳು. "ಆ ವರ್ಷ ಕೈಯಲ್ಲಿ ಎಂತದೂ ಉಳೀಲಿಲ್ಲ ಹೇಳಿ ಅರ್ಥ, ಹೊನ್ನಕ್ಕ. ಕೈಯಿಂದಲೇ ಹೋಯ್ತು."

ರಮಾನಂದ ಸರ್ ಕೆಮ್ಮಿದರು. ಇನ್ನೊಂದು ಪ್ರಶ್ನೆ ಬಂದರೆ ಮುಗಿಯಿತು ಎಂದುಕೊಂಡೆ. ಹೊನ್ನಿ ಗೋಡೆಯನ್ನು ನೋಡುತ್ತಾ ತಲೆಯಾಡಿಸಿದಳು.

"ಪಾಪ," ಎಂದಳು. "ಅವ್ರಿಗೂ ಬಂದ್ ಕಾಲ ಬತ್ತದಲ್ಲ. ಮೀನಿಲ್ದೇ ಇದ್ರೆ ಅವ್ರಾದ್ರೂ ಎಂತ ಮಾಡೂದು?"

"ಹೌದು ಮಾರಾಯ್ತಿ," ಎಂದಿತು ಹಿಂದಿನಿಂದ ಒಂದು ದನಿ. "ಎರಡು ತಿಂಗಳು ಕೈಯಿಂದಲೇ ತಿನ್ನೂದು. ನಮ್ಮ ಹಂಗೇ."

ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಇಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಈ ಮನೆಗಳಲ್ಲಿ ಗಳಿಕೆಯಿಲ್ಲ. ಕೂಡಿಟ್ಟದ್ದು ಕರಗುತ್ತದೆ, ಕಿವಿಯ ಓಲೆ ಒತ್ತೆಗೆ ಹೋಗುತ್ತದೆ. ಮೈನಸ್ ಎಂದರೆ ಅವರಿಗೆ ಮಳೆಗಾಲ. ಅದು ಪ್ರತಿ ವರ್ಷ ಬರುತ್ತದೆ, ಹೋಗುತ್ತದೆ, ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ತಮ್ಮ ಬುಟ್ಟಿಯಿಂದ ಮರಿಮೀನು ಕಸಿದುಕೊಂಡ ಕಂಪನಿಗೆ ಇಪ್ಪತ್ತೆರಡು ಹೆಂಗಸರು ಕೂತಲ್ಲೇ ಮರುಗಿದರು. ಒಬ್ಬಳು ನಿಟ್ಟುಸಿರನ್ನೂ ಬಿಟ್ಟಳು.

ಅಂಕಿತಾ ಬಾಯಿ ತೆರೆದಳು. ರಮಾನಂದ ಸರ್ ಕೈಯೆತ್ತಿದರು. ಸಿಟ್ಟಿನಿಂದಲ್ಲ, ಭಜನೆಯ ನಡುವೆ ತಾಳ ನಿಲ್ಲಿಸಲು ಎತ್ತುವ ಹಾಗೆ, ಮೆಲ್ಲಗೆ.

"ಹೊನ್ನಕ್ಕ, ನೀವು ಹೇಳಿದ್ಮೇಲೆ ನಾ ಹೇಳೂದೆಂತದು?" ಎಂದರು. "ಕಷ್ಟ ಕಂಡವ್ರಿಗೇ ಕಷ್ಟ ಗೊತ್ತು."

ಅಂಕಿತಾ ಬಾಯಿ ಮುಚ್ಚಿದಳು. ನಾನು ತೆರೆಯಲೇ ಇಲ್ಲ. ಅರ್ಜಿಗಳನ್ನು ಹಂಚಿದೆ, ಹೆಬ್ಬೆಟ್ಟು ಬೇಕಾದವರಿಗೆ ಶಾಯಿಯ ಪ್ಯಾಡು ಹಿಡಿದೆ. ಚೆಕ್ಕು ಬುಧವಾರ ಕೊಡುವುದೆಂದಾಯಿತು. ಹೊರಡುವಾಗ ಒಂದು ಪೊಟ್ಟಣ ಒಣ ಬಂಗಡೆ ಕಾರಿನೊಳಗೆ ಬಂತು. ಮದನಗೇರಿ ದಾಟಿದ ಮೇಲೆ ಸರ್ ಕಾರು ನಿಲ್ಲಿಸಿ, ಅದನ್ನು ಎರಡು ಬೆರಳಲ್ಲಿ ಎತ್ತಿ ಡಿಕ್ಕಿಗೆ ಹಾಕಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಬಂದರು. ಆಮೇಲೆ ಕನ್ನಡಿಯಲ್ಲಿ ಅಂಕಿತಾಳನ್ನು ನೋಡಿ ಹೇಳಿದರು:

"ಆ ಕೆಂಪು ತೆಗೀಬೇಡ, ಆತಾ? ನಾ ಮೊದ್ಲು ಹೆದರಿದ್ದೆ. ಚಲೋ ಕೆಲ್ಸ ಮಾಡ್ತದೆ ಅದು. ಇನ್ನೂ ಸ್ವಲ್ಪ ದಪ್ಪ ಮಾಡು."

ಕಾರಿನೊಳಗೂ ಮಲ್ಲಿಗೆಯದೇ ವಾಸನೆ. ಅಂಕಿತಾ ಕಿಟಕಿಯ ಗಾಜು ಇಳಿಸಿ ಮುಖ ಹೊರಗೆ ಹಾಕಿ ಕೂತಳು.

ಸೋಮವಾರ ಸರ್ ಭಟ್ಕಳದ ಕಡೆಗೆ, ಅಳ್ವೆಕೋಡಿಯ ಇನ್ನೊಂದು ಸಂಘಕ್ಕೆ ಹೊರಟರು. ಅಂಕಿತಾ ತಲೆನೋವೆಂದಳು. ಲ್ಯಾಪ್‌ಟಾಪ್ ಹಿಡಿದು ಹೋದವಳು ನಾನು. ಹಾಳೆ ಗೋಡೆಯ ಮೇಲೆ ಬಂತು, ಕೆಂಪು ದಪ್ಪಗಾಗಿತ್ತು. ಯಾರೂ ಕೇಳುವ ಮೊದಲೇ ಸರ್ ದನಿ ತಗ್ಗಿಸಿ, "ಬಂದ್ ಕಾಲ ನಿಮಗೆ ಗೊತ್ತಿಲ್ದೇ ಇದ್ದದ್ದಾ?" ಎಂದರು. ಅಷ್ಟೇ. ಉಳಿದದ್ದನ್ನು ಹೆಂಗಸರೇ ತಮ್ಮತಮ್ಮಲ್ಲಿ ಹೇಳಿಕೊಂಡರು.

ನಾನು ಸಂಜೆ ಬಂದು ಅದನ್ನು ಹೇಳಿದಾಗ ಅಂಕಿತಾ ಕಂಪ್ಯೂಟರಿನ ಮುಂದೆಯೇ ಇದ್ದಳು. ತಲೆನೋವು ಸುಳ್ಳಾಗಿತ್ತು. ಬೆಳಿಗ್ಗೆಯಿಂದ ಅವಳು ಒಂದೇ ಕೆಲಸ ಮಾಡಿದ್ದಳು. ಫಂಕ್ಷನ್ನಿನ ಆವರಣದೊಳಗೆ ವರ್ಷ ಇದ್ದ ಜಾಗದಲ್ಲಿ ಅರ್ಧ ವರ್ಷ ಎಂದು ಬದಲಿಸಿ ಮತ್ತೆ ಎಳೆದಿದ್ದಳು. ಐದು ವರ್ಷದ್ದು ಮಾತ್ರ ಸಿಕ್ಕಿತ್ತು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅರ್ಧ, ಬಂದ್ ಇರುವುದು ಅದರಲ್ಲಿ. ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು ಅರ್ಧ, ದೋಣಿಗಳು ತುಂಬಿ ಬರುವ ಕಾಲ.

"ನೋಡು," ಎಂದಳು.

ಬಂದ್ ಇರುವ ಅರ್ಧದಲ್ಲಿ ಎರಡು ಸಲ ಸ್ವಲ್ಪ ಉಳಿದಿತ್ತು. ಮೀನು ರಾಶಿ ಬೀಳುವ ಅರ್ಧದಲ್ಲಿ ಐದಕ್ಕೆ ಐದೂ ಕೆಂಪು.

"ಬಂದ್ ಅಲ್ಲ ಇದು," ಎಂದಳು ಅಂಕಿತಾ. "ಸುಗ್ಗಿಯಲ್ಲೇ ಸೋರ್ತಾ ಇದ್ದು." ಅವಳ ದನಿಯಲ್ಲಿ ಗೆದ್ದವಳ ಸಂತೋಷವಿರಲಿಲ್ಲ. ತಟ್ಟೆಯಲ್ಲಿ ಹುಳು ಕಂಡವಳ ಹಾಗೆ ಪರದೆಯಿಂದ ಸ್ವಲ್ಪ ದೂರ ಸರಿದು ಕೂತಿದ್ದಳು.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ತದಡಿಗೆ ಹೋದಳು. ಆಫೀಸಿಗೆ ಹೇಳಲಿಲ್ಲ. ಅಲ್ಲಿ ನಡೆದದ್ದನ್ನು ಆಮೇಲೆ ಹೊನ್ನಿಯೂ ಹೇಳಿದಳು, ಅಂಕಿತಾಳೂ ಹೇಳಿದಳು. ಇಬ್ಬರ ಮಾತೂ ಒಂದೇ ಆಗಿದ್ದರಿಂದ ಬರೆಯುತ್ತಿದ್ದೇನೆ.

ಹೊನ್ನಿ ಮರಳ ಮೇಲೆ ಹಳೆ ಬಲೆ ಹಾಸಿ ಮೀನು ಹರಡುತ್ತಿದ್ದಳು. ಅಂಕಿತಾ ಕಾಗದ ಬಿಡಿಸಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತಳು.

"ಹೊನ್ನಕ್ಕ, ದೋಣಿ ಬಂದ್ಮೇಲೆ ಡೀಸೆಲ್ಲು, ಐಸು ತೆಗೆದು, ಬಲೆಗೆ, ಎಂಜಿನ್ನಿಗೆ ಇಟ್ಟು ಉಳಿದದ್ದು ಪಾಲು. ಹೌದ?"

"ಹೌದು. ಅದನ್ನ ಕೇಳೂಕೆ ಕುಮಟೆಯಿಂದ ಬಂದ್ಯ?"

"ಈ ಕಂಪನಿ ಹೇಳೂ ದೋಣಿಯಲ್ಲಿ ಹತ್ತು ವರ್ಷದಲ್ಲಿ ಎಂಟು ವರ್ಷ ಪಾಲೇ ಇಲ್ಲ. ಆದ್ರೂ ತಾಂಡೇಲ ದರವರ್ಷ ಚಲೋ ಮೀನು ಬಿತ್ತು ಹೇಳಿ ಪಟಾಕಿ ಹೊಡೀತ, ಹೊಸ ಕಟ್ಟಡ ಕಟ್ತ."

"ಬಂದ್ ಇರ್ತದಲ್ಲೇ ತಂಗಿ…"

"ಈ ಬದಿ ಬಂದ್ ಇದ್ದ ಅರ್ಧ. ಈ ಬದಿ ಮೀನು ಬೀಳೂ ಅರ್ಧ. ನೀನೇ ನೋಡು, ಕೆಂಪು ಯಾವ ಬದಿಗೆ ಹೆಚ್ಚು?"

ಹೊನ್ನಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಚೆನ್ನಾಗಿ ಬರುತ್ತದೆ. ಮೀನಿನ ಪರೆ ಅಂಟಿದ ಬೆರಳನ್ನು ಒಂದೊಂದೇ ಸಾಲಿನ ಮೇಲೆ ಇಟ್ಟು ಕೆಳಗೆ ಇಳಿಸಿದಳು. ಮತ್ತೆ ಮೇಲಿನಿಂದ ಇಳಿಸಿದಳು. ಆಮೇಲೆ ಬಾಯಲ್ಲಿದ್ದ ಕವಳವನ್ನು ಪೂರ್ತಿ ಉಗಿದಳು. ಅಗಿದು ಮುಗಿದಿರಲಿಲ್ಲ ಅದು.

"ಥೂ. ನಾ ಪಾಪ ಅಂದೆ ಅಲ್ದನೆ ಆ ರಂಡೆಗಂಡಗೆ."

ಅಂಕಿತಾ ಕಾಗದ ಮಡಚತೊಡಗಿದಳು.

"ನೀ ಅಲ್ಲೇ ಕೂತಿದ್ಯಲ್ಲೇ. ನಾ ಪಾಪ ಅಂಬುವಾಗ ನಿನ್ನ ಬಾಯಲ್ಲಿ ಎಂತ ಇತ್ತು?"

"ಸಂಬಳ ಇತ್ತು, ಹೊನ್ನಕ್ಕ."

"ಹ್ಞಾ. ಅದು ಸುರಮಾಯಿ ಮೀನಿನ ಮುಳ್ಳು. ಗಂಟಲಲ್ಲಿ ಸಿಕ್ಕಿಬಿದ್ರೆ ಮಾತು ಬರೂದಿಲ್ಲ ಬಿಡು," ಎಂದು ಹೊನ್ನಿ ನಕ್ಕಳು. ನಗುವಿನಲ್ಲಿ ಕ್ಷಮೆ ಇರಲಿಲ್ಲ ಎಂದು ಅಂಕಿತಾ ಹೇಳುತ್ತಾಳೆ. ಇತ್ತು ಎಂದು ಹೊನ್ನಿ ಹೇಳುತ್ತಾಳೆ. ಅದೊಂದರಲ್ಲಿ ಮಾತ್ರ ಇಬ್ಬರದೂ ಬೇರೆ.

ಬುಧವಾರ ಹೊನ್ನಿ ಐದು ಹೆಂಗಸರೊಂದಿಗೆ ಕುಮಟಾಕ್ಕೆ ಬಂದಳು. ರಮಾನಂದ ಸರ್ ಕುರ್ಚಿ ಎಳೆದರು. ಯಾರೂ ಕೂರಲಿಲ್ಲ.

"ನಮ್ಮ ಕಾಗದ ಎಲ್ಲ ತಿರುಗಿ ಕೊಡಿ ಸರ್."

"ಎಂತಾತು ಅಕ್ಕಾ? ಅವತ್ತು ನೀವೇ ಹೇಳಿದ್ರಿ, ಬಂದ್ ಕಾಲ…"

"ಬಂದ್ ನಮ್ಮ ಮನೇದು, ನಿಮಗಿಂತ ನಮಗೆ ಗೊತ್ತು," ಎಂದಳು ಹೊನ್ನಿ. "ಬಂದ್‌ನಲ್ಲಿ ನಾವು ಗಂಜಿ ಉಂಬುದು. ಹೊಸ ಕಟ್ಟಡ ಕಟ್ಟೂದಿಲ್ಲ."

ಸರ್ ನಗುತ್ತಲೇ ಇಪ್ಪತ್ತೆರಡು ಅರ್ಜಿಗಳನ್ನು ಎಣಿಸಿ ಕೊಟ್ಟರು. ಹೆಂಗಸರು ಮೆಟ್ಟಿಲಿಳಿದ ಮೇಲೂ ಆ ನಗು ಮುಖದ ಮೇಲೆ ಉಳಿದಿತ್ತು, ತೊಳೆಯದ ತಟ್ಟೆಯಲ್ಲಿ ಒಣಗಿದ ಸಾರಿನ ಹಾಗೆ.

"ನಾ ಒಂದಾದ್ರೂ ಸುಳ್ಳು ಹೇಳಿದ್ನ ಅಂಕಿತಾ?" ಎಂದರು. "ತೋರ್ಸು. ಅಂಕಿ ನಿಂದು, ಹಾಳೆ ನಿಂದು, ಬಣ್ಣ ನಿಂದು. ಬಂದ್ ಹೇಳಿದ್ದು ಅವ್ಳು. ನಾ ಎಂತ ಹೇಳಿದೆ?"

ತದಡಿಯಲ್ಲಿ ಆ ಕೆಂಪಿನ ಬಗ್ಗೆ ಅವರು ಒಂದು ಸುಳ್ಳೂ ಹೇಳಿರಲಿಲ್ಲ, ಹೇಸಿಗೆಯೆಂದರೆ ಅದೇ. ಅಂಕಿತಾ ಡ್ರಾಯರಿನಿಂದ ಊಟದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದಳು, ಮತ್ತೆ ಬರಲಿಲ್ಲ. ಆ ತಿಂಗಳ ಸಂಬಳ ಇನ್ನೂ ಬಂದಿಲ್ಲ. ಬರುವುದೂ ಇಲ್ಲ.

ಗುರುವಾರ ಅವಳು ನನಗೆ ಫೋನು ಮಾಡಿದಳು. "ಅಳ್ವೆಕೋಡಿ ಮನೆಗಳು ನಿಂಗೆ ಗೊತ್ತಿದ್ದಲೆ. ಬಾ."

ನಾನು ರಜೆ ಹಾಕಿ ಹೋದೆ. ಶಿರಾಲಿಯಲ್ಲಿ ಬಸ್ಸಿಳಿದು ಬಿಸಿಲಿನಲ್ಲಿ ನಡೆದೆವು. ಅಲ್ಲಿಯ ಸಂಘದಲ್ಲಿ ಹತ್ತೊಂಬತ್ತು ಜನ. ಹನ್ನೊಂದು ಜನರ ಹಣ ಆಗಲೇ ಹೋಗಿತ್ತು, ಸರ್ ಖಾತೆಯ ಶೇರು ಅವರ ಖಾತೆಗೆ ಬಂದಿತ್ತು. ಎಂಟು ಜನರದು ಶುಕ್ರವಾರಕ್ಕೆ ಹೋಗಬೇಕಿತ್ತು.

ಸಂಘದ ಹಿರಿಯಳು ಮಾದಿ. ಹೋದ ಹನ್ನೊಂದರಲ್ಲಿ ಅವಳದೂ ಒಂದು. ಅಂಗಳದಲ್ಲಿ ಚಾಪೆ ಹಾಸಿ ನಮ್ಮನ್ನು ಕೂರಿಸಿದಳು. ಅಂಕಿತಾ ಕಾಗದ ಬಿಡಿಸಿ, ಎರಡು ಅರ್ಧ ತೋರಿಸಿ, ತದಡಿಯಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಿದಳು. ಮಾದಿ ತಲೆಯಾಡಿಸುತ್ತಾ ಕೇಳಿದಳು. ಅವಳಿಗೆ ಅರ್ಥವಾಗುತ್ತಿದೆ ಎಂದುಕೊಂಡೆ.

"ಮಾರೂಕೆ ಆಗ್ತದ ಈಗ?" ಎಂದು ಕೇಳಿದಳು.

"ಕೊಂಬವ್ರು ಇಲ್ಲ ಮಾದಕ್ಕ. ದಿನಾ ಇಳೀತಾ ಇದ್ದು."

ಮಾದಿ ಕಾಗದವನ್ನು ಮಡಚಿ ಅಂಕಿತಾಳ ಕೈಗೆ ಕೊಟ್ಟಳು.

"ನೀ ಓದಿದವ್ಳು ತಂಗಿ, ಹೇಳ್ತಿ. ಆದ್ರೆ ಕಷ್ಟದಲ್ಲಿದ್ದವ್ರ ಮೇಲೆ ಹೇಳ್ತಾ ತಿರಗಬಾರ್ದು. ಅವ್ರಿಗೂ ಒಂದು ವರ್ಷ ಚಲೋ ಮೀನು ಬೀಳ್ತದೆ. ನಮಗೆ ಬೀಳೂದಿಲ್ವ?"

"ಮೀನು ಬಿದ್ದಾಗಲೇ ಅವ್ರದು ಹೋಗ್ತಾ ಇದ್ದು ಮಾದಕ್ಕ. ಅದೇ ನಾ ಹೇಳೂದು."

"ಆತು ಬಿಡು. ಹೋದ್ದು ಹೋಯ್ತು. ಅವ್ರದ್ದೂ ಹೊಟ್ಟೆಪಾಡು."

ಹೋದ ಹದಿನೈದು ಸಾವಿರವನ್ನು ಅವಳು ಹೀಗೆ ಹೇಳಿಯೇ ಹೊರಬೇಕಿತ್ತೇನೋ. ಮೋಸಹೋದೆ ಎನ್ನುವುದಕ್ಕಿಂತ ಮರುಗಿದೆ ಎನ್ನುವುದು ಹಗುರ. ನನಗೆ ಅವಳ ಮೇಲೆ ಸಿಟ್ಟು ಬಂತು, ಕೂಡಲೇ ನನ್ನ ಮೇಲೆ ಅದಕ್ಕಿಂತ ಹೆಚ್ಚು. ಸೋಮವಾರ ಇದೇ ಹೆಂಗಸಿನ ಹೆಬ್ಬೆರಳನ್ನು ಶಾಯಿಯ ಮೇಲೆ ಒತ್ತಿ ಹಿಡಿದ ಕೈ ನನ್ನದು.

ಮಾದಿಯ ಸೊಸೆ ಎರಡು ಲೋಟ ಚಾ ತಂದಿಟ್ಟಳು. ಹಾಲು ಜಾಸ್ತಿ ಹಾಕಿದ, ಬಂದವರಿಗೆಂದು ಮಾಡಿದ ಚಾ. ಅಂಕಿತಾ ಲೋಟವನ್ನೇ ನೋಡುತ್ತಾ ಕೂತಳು. ಕುಡಿಯದೆ ಎದ್ದರೆ ಈ ಮನೆಗೆ ಅವಮಾನ, ಆಮೇಲೆ ಈ ಓಣಿಯಲ್ಲಿ ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ.

ಅವಳು ಲೋಟ ಎತ್ತಿ, ಒಂದೇ ಸಲಕ್ಕೆ ಕುಡಿದು ಕೆಳಗಿಟ್ಟಳು.

"ಇನ್ನೂ ದುಡ್ಡು ಕೊಡದೇ ಇದ್ದವ್ರು ಎಂಟು ಜನ ಅಲ್ದ ಮಾದಕ್ಕ?" ಎಂದಳು. "ಯಾರ ಮನೆ ಹತ್ರ ಇದ್ದು?"

ಮಾದಿ, ನಮ್ಮ ಮುಖ ನೋಡದೆ, ಬಾವಿಯ ಆಚೆಗಿನ ಹಂಚಿನ ಮನೆಯ ಕಡೆಗೆ ಕೈ ತೋರಿಸಿದಳು.